ಗೋಡೌನಿನ ತಾಯಿ

ಅವರ ಬೀಳ್ಕೊಡುಗೆಯ ದಿನ ಕಣ್ಣೊರೆಸಿಕೊಂಡವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಸಲ ಅವರಿಂದ ಸಸ್ಪೆಂಡ್ ಆದವರೇ ಆಗಿದ್ದರು. ನವಿ ಮುಂಬೈಯ ಹೆಡ್ ಆಫೀಸಿನಿಂದ ಬಂದಿದ್ದ ದೊಡ್ಡ ಸಾಹೇಬರು ಮೈಕ್ ಹಿಡಿದು, ಮಾತೃಹೃದಯ, ಮಮತೆ ಎಂದೆಲ್ಲ ಹೇಳುತ್ತಿದ್ದರು. ಶಾಲು ಹೊದ್ದು, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ ಮಾತೃಹೃದಯದ ಒಡತಿ ಮಾತ್ರ ಸಾಹೇಬರ ಹೆಗಲ ಮೇಲಿಂದ ಹೊರಗೆ ನೋಡುತ್ತಿದ್ದರು. ಭಾಷಣದ ನಡುವೆಯೇ ನನ್ನ ಕಡೆ ಬಾಗಿ, "ಉಡುಪ್ಯಾವ್ರ, ಆ ಲಾರಿ ಯಾಕ ಅಲ್ಲೇ ನಿಂತದ? ಡ್ರೈವರ್ ಊಟ ಮಾಡ್ಯಾನೋ ಇಲ್ಲೋ ಕೇಳ್ರಿ. ಮಾಡಿದ್ರ ಗಾಡಿ ತಗೀ ಅನ್ರಿ" ಎಂದರು.

ಅವರ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮಾತು. ಮೊದಲು ಊಟ ಆಯಿತೇ ಎಂದು ಕೇಳಬೇಕು, ಆದ ಮೇಲೆ ಗಾಡಿ ತೆಗೆಸಲೇಬೇಕು.

ನಮ್ಮದು ಮುಂಬೈ ಪಕ್ಕದ ಭಿವಂಡಿಯಲ್ಲಿರುವ ದೊಡ್ಡ ಗೋಡೌನು. ಸಾಬೂನಿನಿಂದ ಹಿಡಿದು ಮಕ್ಕಳ ಸೈಕಲ್ಲಿನವರೆಗೆ ಎಲ್ಲವೂ ಲಾರಿಗಳಲ್ಲಿ ಬಂದು, ಆಕಾಶ ಮುಟ್ಟುವಂಥ ಕಬ್ಬಿಣದ ರ‍್ಯಾಕುಗಳಲ್ಲಿ ಒಂದಷ್ಟು ದಿನ ಕೂತು, ಮತ್ತೆ ಲಾರಿ ಹತ್ತಿ ಊರೂರಿಗೆ ಹೋಗುತ್ತವೆ. ಅಲ್ಲಿಯ ಮುಖ್ಯಸ್ಥೆಯಾಗಿದ್ದವರು ಅವರು. ಅವರ ನಂತರದ ಸ್ಥಾನ ನನ್ನದು. ಮರಾಠಿ ಹುಡುಗರು ಅವರನ್ನು 'ತಾಯಿ' ಎನ್ನುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದು ಅರ್ಥ. ನನ್ನ ಕನ್ನಡದ ಕಿವಿಗೆ ಅದು ಅಮ್ಮ ಎಂದೇ ಕೇಳಿಸುತ್ತಿತ್ತು. ಒಮ್ಮೆ ಇದನ್ನು ಅವರಿಗೆ ಹೇಳಿದೆ. "ಅಕ್ಕನೂ ಬ್ಯಾಡ, ಅವ್ವನೂ ಬ್ಯಾಡ. ಅವ್ವ ಅಂದ್ರ ರಜಾ ಕೇಳ್ತಾರ, ಅಕ್ಕ ಅಂದ್ರ ಜಗಳಾ ತಗೀತಾರ" ಎಂದರು. ಆದರೂ ಹೆಸರು ಬದಲಾಗಲಿಲ್ಲ. ಹೆಡ್ ಆಫೀಸಿನವರೂ ಫೋನಿನಲ್ಲಿ 'ತಾಯಿ ಇದ್ದಾರಾ' ಎಂದೇ ಕೇಳುತ್ತಿದ್ದರು.

ಅವರು ವಿಜಯಪುರದ ಕಡೆಯವರು. ಮದುವೆಯಾಗಿ ಇಲ್ಲಿಯ ಕಲ್ಯಾಣಕ್ಕೆ ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು, ಸಾಲ ಮಾಡಿ ಫ್ಲ್ಯಾಟು ಕೊಂಡದ್ದು ಎಲ್ಲ ಪಕ್ಕದ ಡೊಂಬಿವಲಿಯಲ್ಲಿ. ಉಡುಪಿ ನನಗೆ ಬೇಸಿಗೆ ರಜೆಯ ಊರು, ಅಷ್ಟೇ. ಆದರೂ ಮೊದಲ ದಿನವೇ ನನ್ನನ್ನು 'ಉಡುಪ್ಯಾವ್ರ' ಎಂದು ಕರೆದರು. "ಮ್ಯಾಡಮ್, ನಾನು ಡೊಂಬಿವಲಿಯವನು ಮಾರಾಯ್ರೆ" ಎಂದೆ. "ಡೊಂಬಿವಲಿಯಾವ್ರು ಇಲ್ಲಿ ಹಿಂಡುಗಟ್ಟಲೆ ಅದಾರ. ಹಂಗ ಕರದ್ರ ಯಾರು ಬರಬೇಕು?" ಎಂದು ಕೇಳಿದರು.

ಗೋಡೌನಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಇದರ ಲಾಭವನ್ನು ಅವರು ಬಹಳ ಯೋಚಿಸಿ ಬಳಸಿಕೊಳ್ಳುತ್ತಿದ್ದರು. ನಾನು ತಪ್ಪು ಮಾಡಿದರೆ ಕನ್ನಡದಲ್ಲಿ ಬೈಯುತ್ತಿದ್ದರು, ಅದೂ ಮುಖದಲ್ಲಿ ಒಂದು ಗೆರೆಯೂ ಕದಲದಂತೆ, ಹವಾಮಾನದ ಬಗ್ಗೆ ಮಾತಾಡುವವರ ಹಾಗೆ. ನಾನು ಏನಾದರೂ ಒಳ್ಳೆಯದು ಮಾಡಿದರೆ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೊಗಳುತ್ತಿದ್ದರು. ಹೀಗಾಗಿ ಕೆಲಸಗಾರರ ದೃಷ್ಟಿಯಲ್ಲಿ ನಾನು ತಪ್ಪೇ ಮಾಡದ ಮನುಷ್ಯ. ಎಷ್ಟೋ ವರ್ಷಗಳ ನಂತರ ಒಬ್ಬ ಲೋಡರ್ ನನ್ನಲ್ಲಿ, "ತಾಯಿ ನಿಮ್ಮ ಜೊತೆ ನಿಮ್ಮ ಭಾಷೆಯಲ್ಲಿ ಎಷ್ಟು ಪ್ರೀತಿಯಿಂದ ಮಾತಾಡುತ್ತಾರೆ" ಎಂದ. ಹಿಂದಿನ ಕ್ಷಣವಷ್ಟೇ ಅವರು ನನಗೆ, "ನಿಮ್ಮ ತಲಿಯೊಳಗ ಮಿದುಳು ಅದನೋ, ಮಂಗಳೂರು ಬಜ್ಜಿ ಹಿಟ್ಟು ಅದನೋ" ಎಂದು ಕೇಳಿದ್ದರು.

ಅವರ ಉಡುಪನ್ನು ಹೇಳಬೇಕು. ಇಳಕಲ್ ಸೀರೆ, ಅದರ ಮೇಲೆ ಮಿಂಚುವ ಪಟ್ಟಿಯ ಹಳದಿ ಜಾಕೆಟ್, ತಲೆಗೆ ಬಿಳಿ ಹೆಲ್ಮೆಟ್, ಕಾಲಿಗೆ ಕಬ್ಬಿಣದ ಮೂತಿಯ ಸೇಫ್ಟಿ ಶೂ. ಮೊದಲ ಸಲ ನೋಡಿದವರು ನಗುತ್ತಿದ್ದರು, ಎರಡನೆಯ ಸಲ ನಗುತ್ತಿರಲಿಲ್ಲ. ಆ ಶೂಗಳದ್ದೇ ಒಂದು ಕತೆ. ಆಗ ಕಂಪನಿ ಗಂಡಸರ ಅಳತೆಯ ಶೂ ಮಾತ್ರ ಕೊಡುತ್ತಿತ್ತು. ರ‍್ಯಾಕುಗಳಿಂದ ಸಾಮಾನು ಆರಿಸಿ ಕೊಡುವ ಹೆಂಗಸರು ಅದರೊಳಗೆ ಬಟ್ಟೆ ತುರುಕಿಕೊಂಡು ದೋಣಿ ಎಳೆದ ಹಾಗೆ ನಡೆಯುತ್ತಿದ್ದರು. ಚಪ್ಪಲಿ ಹಾಕುತ್ತೇವೆ ಎಂದು ಅವರು ಕೇಳಿದಾಗ ಇವರು ಸುತರಾಂ ಒಪ್ಪಲಿಲ್ಲ. ಚಪ್ಪಲಿಯಲ್ಲಿ ಬಂದ ಒಬ್ಬಳನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಆದರೆ ಮರುದಿನದಿಂದ ತಾವೂ ಗಂಡಸರ ದೊಡ್ಡ ಶೂ ಹಾಕಿಕೊಂಡು, ಮೂತಿಗೆ ಪೇಪರು ತುರುಕಿ, ದಿನವಿಡೀ ಎಲ್ಲರ ಹಾಗೆ ಕಾಲೆಳೆಯುತ್ತ ಓಡಾಡಿದರು. ಹೆಡ್ ಆಫೀಸಿನ ಮೀಟಿಂಗಿಗೂ ಅದರಲ್ಲೇ ಹೋದರು. ಕನ್ನಡಿಯಂಥ ನೆಲದ ಮೇಲೆ ಧಡ್ ಧಡ್ ಎಂದು ನಡೆದು, ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತು, ಕಾಲು ಮುಂದೆ ಚಾಚಿದರಂತೆ. ಆ ತಿಂಗಳೇ ಹೆಂಗಸರ ಅಳತೆಯ ಶೂಗಳು ಬಂದವು. ಎಲ್ಲರಿಗೂ ಸಿಕ್ಕ ಮೇಲೆ ಕೊನೆಯ ಜೊತೆಯನ್ನು ತಾವು ತೆಗೆದುಕೊಂಡರು.

ತಡವಾಗಿ ಬಂದವರಿಗೆ ಅವರಲ್ಲಿ ಸುಲಭದ ದಾರಿ ಇರಲಿಲ್ಲ. ನಮ್ಮ ಕಡೆ ಲೋಕಲ್ ಟ್ರೇನಿನ ಮೇಲೆ ಹಾಕದ ಪಾಪವಿಲ್ಲ. ಅವರು ಕೇಳುತ್ತಿದ್ದದ್ದು ಇಷ್ಟೇ: "ಯಾವ ಗಾಡಿ?" ಬಂದವನು ಹೇಳುತ್ತಿದ್ದ. "ಅದರಲ್ಲಿ ನಾನೂ ಇದ್ದೆ" ಎನ್ನುತ್ತಿದ್ದರು. ನಿಜಕ್ಕೂ ಇದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಅದನ್ನು ಪರೀಕ್ಷಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಿಜವಾಗಿ ಗಾಡಿ ಕೆಟ್ಟ ದಿನ ಮಾತ್ರ ಕಂಪನಿಯ ಬಸ್ಸನ್ನು ಕಲ್ಯಾಣ ಸ್ಟೇಷನ್ನಿನ ಹೊರಗೆ ನಿಲ್ಲಿಸಿಕೊಂಡು, ಕೊನೆಯವನು ಬರುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದರು.

ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬ ಊರಿನಿಂದ ಬರುತ್ತಿದ್ದ ಒಬ್ಬ ಲೋಡರ್ ಇದ್ದ. ಲಾರಿ ಹಿಂದೆ ಬರುವ ಜಾಗದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾಗ ಸಿಕ್ಕಿಬಿದ್ದ. ಅಲ್ಲಿ ಫೋನು ಹಿಡಿದರೆ ಆ ದಿನ ಮನೆಗೆ, ಅದು ನಿಯಮ. "ತಾಯಿ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಡಾಕ್ಟರ ಫೋನು" ಎಂದ. "ಬೆಳಿಗ್ಗೆ ಹೇಳಿದ್ದರೆ ರಜೆ ಕೊಡುತ್ತಿದ್ದೆ. ಈಗ ಹೇಳಿದ್ದೀಯ, ಈಗ ಸಸ್ಪೆಂಡ್. ಹೋಗು, ಮೊದಲು ಆಸ್ಪತ್ರೆಗೆ ಹೋಗು" ಎಂದರು. ಅವನು ಹಲ್ಲು ಕಚ್ಚಿಕೊಂಡು ಹೋದ. ಸಂಜೆ ಕಂಪನಿ ಬಸ್ಸು ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿಸಿದಾಗ ಇವರು ಮನೆಗೆ ಹೋಗದೆ ಠಾಣೆ ಕಡೆಯ ಗಾಡಿ ಹತ್ತಿದ್ದನ್ನು ನಾನೇ ನೋಡಿದೆ. ಮರುದಿನ ಆ ಹುಡುಗನೇ ಹೇಳಿದ. ಅವರು ಆಸ್ಪತ್ರೆಗೆ ಬಂದು, "ಮನೆಗೆ ಹೋಗಿ ಸ್ನಾನ ಮಾಡಿ, ಉಂಡು ಬಾ. ಅಲ್ಲಿವರೆಗೆ ನಾನು ಕೂತಿರುತ್ತೇನೆ" ಎಂದಿದ್ದರಂತೆ. "ಹಾಗಾದರೆ ಸಸ್ಪೆಂಡ್ ರದ್ದಾಯಿತಾ?" ಎಂದು ಕೇಳಿದೆ. "ಇಲ್ಲ ಸರ್, ಅದನ್ನೂ ಕೇಳಿದೆ. 'ಅದು ಗೋಡೌನಿನ ಮಾತು, ಇದು ಆಸ್ಪತ್ರೆ' ಎಂದರು."

ಇವೆಲ್ಲ ನಗುತ್ತ ಹೇಳುವ ಮಾತುಗಳು. ನಗುವುದಕ್ಕಾಗದ ಒಂದು ಸಂಗತಿಯೂ ಇದೆ. ಅದನ್ನು ಬಿಟ್ಟರೆ ಅವರನ್ನು ಅರ್ಧವೇ ಹೇಳಿದ ಹಾಗಾಗುತ್ತದೆ.

ಬಬನ್ ದಾದಾ, ಎಂದರೆ ಬಬನ್ ಅಣ್ಣ, ನಮ್ಮಲ್ಲಿಯ ಅತ್ಯಂತ ಹಳೆಯ ಫೋರ್ಕ್‌ಲಿಫ್ಟ್ ಚಾಲಕರು. ಎರಡು ಕಬ್ಬಿಣದ ತೋಳು ಚಾಚಿ ಭಾರ ಎತ್ತುವ ಆ ಗಾಡಿಯನ್ನು ಅವರು ಓಡಿಸುವುದು ನೋಡಲೆಂದೇ ಹೊಸ ಹುಡುಗರು ನಿಲ್ಲುತ್ತಿದ್ದರು. ರ‍್ಯಾಕಿನ ತೀರ ಮೇಲಿನ ಅಟ್ಟದಲ್ಲಿ ಗಾಜಿನ ಸಾಮಾನಿನ ಪೆಟ್ಟಿಗೆಗಳನ್ನು ಅವರು ಇಡುವಾಗ ಸದ್ದೇ ಆಗುತ್ತಿರಲಿಲ್ಲ. ಟಿಟ್ವಾಳಾದಿಂದ ಬರುತ್ತಿದ್ದರು. ಪ್ರತಿ ಮಂಗಳವಾರ ಅಲ್ಲಿಯ ಗಣಪತಿ ಗುಡಿಯ ಪ್ರಸಾದ ತಂದು ಮೊದಲು ತಮ್ಮ ಗಾಡಿಯ ಮುಂದಿಟ್ಟು, ಆಮೇಲೆ ಎಲ್ಲರಿಗೂ ಹಂಚುತ್ತಿದ್ದರು. ಉಳಿದ ಚಾಲಕರೆಲ್ಲ ಅವರಿಂದಲೇ ಕಲಿತವರು.

ಆ ವರ್ಷ ದೀಪಾವಳಿಗೆ ಮುಂಚೆ ಒಂದು ದಿನ ಬಬನ್ ದಾದಾ ಗಾಡಿ ತಿರುಗಿಸುವಾಗ ಪಕ್ಕದಲ್ಲಿದ್ದ ಪೆಟ್ಟಿಗೆಗಳ ರಾಶಿಗೆ ತಗಲಿಸಿದರು. ರಾಶಿ ಉರುಳಿತು. ಯಾರಿಗೂ ಏನೂ ಆಗಲಿಲ್ಲ. ಪೆಟ್ಟಿಗೆಗಳನ್ನು ಅಲ್ಲಿಟ್ಟವರದ್ದೇ ತಪ್ಪು ಎಂದು ಎಲ್ಲರೂ ಹೇಳಿದರು. ಬಬನ್ ದಾದಾ ತಗಲಿಸುವುದು ಎಂದರೇನು, ಸಾಧ್ಯವೇ ಇಲ್ಲ. ತಾಯಿ ಅವತ್ತಿನಿಂದ ಚಹಾದ ಹೊತ್ತಿಗೆ ಚಾಲಕರ ನಡುವೆ ಬಂದು ಕೂರತೊಡಗಿದರು. ಒಂದು ದಿನ ಚಹಾದವನು ಬಬನ್ ದಾದಾರ ಬಲಗಡೆಯಿಂದ ಗ್ಲಾಸು ಚಾಚಿದ. ಅವರು ಮುಂದೆ ನೋಡುತ್ತ ಮಾತಾಡುತ್ತಲೇ ಇದ್ದರು. ಗ್ಲಾಸು ಹಾಗೇ ಗಾಳಿಯಲ್ಲಿ ನಿಂತಿತ್ತು. ಚಹಾದವನು ಕರೆದ ಮೇಲೆ ತಿರುಗಿ, ನಕ್ಕು, ತೆಗೆದುಕೊಂಡರು. ನಾನೂ ಇದನ್ನು ನೋಡಿದೆ. ನನಗೆ ಅದರಲ್ಲಿ ಏನೂ ಕಾಣಲಿಲ್ಲ.

ಮರುದಿನ ಊಟದ ಹೊತ್ತಿಗೆ ತಾಯಿ ಎಲ್ಲರನ್ನೂ ಕ್ಯಾಂಟೀನಿಗೆ ಕಳಿಸಿ, ಬಬನ್ ದಾದಾರನ್ನು ನಿಲ್ಲಿಸಿಕೊಂಡರು. "ಉಡುಪ್ಯಾವ್ರ, ನೀವು ಇಲ್ಲೇ ಇರ್ರಿ" ಎಂದರು. ಮುಂದಿನ ಮಾತೆಲ್ಲ ಅವರಿಬ್ಬರ ನಡುವೆ ಮರಾಠಿಯಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಾದಾ, ಗಾಡಿ ಹತ್ತಿ ಕೂತ್ಕೊಳ್ಳಿ. ಚಾಲೂ ಮಾಡಬೇಡಿ. ಮುಂದಿನ ಕಂಬ ನೋಡ್ತಾ ಇರಿ, ಕತ್ತು ತಿರುಗಿಸಬಾರದು. ನಾನು ಪಕ್ಕದಿಂದ ನಡೀತಾ ಬರ್ತೀನಿ. ಕಂಡ ಕೂಡಲೇ 'ಬಂದಿರಿ' ಅನ್ನಿ."

"ಇದೇನು ಮಕ್ಕಳಾಟ ತಾಯಿ?" ಎಂದು ಬಬನ್ ದಾದಾ ನಕ್ಕರು.

"ಮಕ್ಕಳಾಟವೇ. ಆಡೋಣ."

ಅವರು ಬಲಗಡೆ ದೂರದ ರ‍್ಯಾಕಿನಿಂದ ಹೊರಟರು. ಹಳದಿ ಜಾಕೆಟ್, ಬಿಳಿ ಹೆಲ್ಮೆಟ್. ಕಾಣದಿರುವ ವೇಷವೇ ಅಲ್ಲ ಅದು. ಸಾಮಾನ್ಯವಾಗಿ ಅವರ ಹೆಜ್ಜೆಯ ಸದ್ದೇ ಗೋಡೌನಿನ ಆ ತುದಿಗೆ ಕೇಳುತ್ತದೆ. ಅವತ್ತು ಶೂ ಬಿಚ್ಚಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದರು. ಅರ್ಧ ದಾರಿ ಬಂದರು. ಬಬನ್ ದಾದಾ ಕಂಬ ನೋಡುತ್ತಿದ್ದರು. ಇನ್ನೂ ಹತ್ತಿರ ಬಂದರು. ಬಬನ್ ದಾದಾ, "ಬನ್ನಿ ತಾಯಿ, ಹೊರಡಿ" ಎಂದರು. ತಾಯಿ ಗಾಡಿಯ ಚಕ್ರದ ಪಕ್ಕಕ್ಕೇ ಬಂದು ನಿಂತರು. ಕೈ ಚಾಚಿದರೆ ಅವರ ಮೊಣಕೈ ಮುಟ್ಟುವಷ್ಟು ಹತ್ತಿರ.

"ಇನ್ನೂ ಹೊರಟಿಲ್ಲವಾ?" ಎಂದರು ಬಬನ್ ದಾದಾ.

"ಬಂದಿದ್ದೀನಿ ದಾದಾ" ಎಂದರು ತಾಯಿ, ತೀರ ಮೆಲ್ಲಗೆ.

ಬಬನ್ ದಾದಾ ಕತ್ತು ತಿರುಗಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಯಾರೂ ಕೇಳದೆಯೇ ಗಾಡಿಯ ಚಾವಿ ತೆಗೆದು ಅವರ ಕೈಯಲ್ಲಿಟ್ಟು ಕೆಳಗಿಳಿದರು. ಇಳಿಯುವಾಗ ಒಂದೇ ಮಾತು ಹೇಳಿದರು. "ಹುಡುಗರಿಗೆ ಹೇಳಬೇಡಿ. ಕುರುಡನ ಹತ್ತಿರ ಗಾಡಿ ಕಲಿತೆವಾ ಎಂದುಕೊಳ್ಳುತ್ತಾರೆ."

"ಹೇಳೋದಿಲ್ಲ" ಎಂದರು ತಾಯಿ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೀವೂ" ಎಂದರು.

ಠಾಣೆಯ ಕಣ್ಣಿನ ಆಸ್ಪತ್ರೆಗೆ ಅವರೇ ಕಳಿಸಿದರು. ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡದಿಂದ ಪಕ್ಕದ ನೋಟ ಸದ್ದಿಲ್ಲದೆ ಸವೆದುಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ, ನೇರ ನೋಟವನ್ನು ಔಷಧಿ ಹಾಕಿ ಉಳಿಸಿಕೊಳ್ಳಬಹುದು ಎಂದರು. ರೋಗಿಗೆ ಸ್ವತಃ ಗೊತ್ತೇ ಆಗುವುದಿಲ್ಲವಂತೆ.

ಗೋಡೌನಿಗೆ ಗೊತ್ತಾದದ್ದು ಒಂದೇ ವಿಷಯ: ಹಬ್ಬದ ಮುಂದೆ, ಒಂದು ಪೆಟ್ಟಿಗೆ ರಾಶಿ ಬಿದ್ದದ್ದಕ್ಕೆ, ತಾಯಿ ಬಬನ್ ದಾದಾರ ಚಾವಿ ಕಸಿದುಕೊಂಡರು. ಕ್ಯಾಂಟೀನಿಗೆ ತಾಯಿ ಹೋದರೆ ಮಾತು ನಿಲ್ಲುತ್ತಿತ್ತು. ನಾನು ಕೂತ ಮೇಜಿನಿಂದಲೂ ಜನ ಎದ್ದುಹೋಗುತ್ತಿದ್ದರು. ಹೆಡ್ ಆಫೀಸಿಗೂ ಸುದ್ದಿ ಮುಟ್ಟಿತು. ಸಾಹೇಬರ ಫೋನು ಬಂತು. ದೀಪಾವಳಿ ಮುಗಿಯುವವರೆಗೆ ಓಡಿಸಲಿ, ಆಮೇಲೆ ನೋಡೋಣ ಎಂದರು. "ಆಗೂದಿಲ್ಲ ಸಾಹೇಬ್ರ. ದೀಪಾವಳಿಗೆ ಗೋಡೌನಿನ್ಯಾಗ ಜನಾನೂ ಜಾಸ್ತಿ ಇರ್ತಾರ" ಎಂದು ಹಿಂದಿಯಲ್ಲಿ ಹೇಳಿ ಫೋನು ಇಟ್ಟರು. ಅವರ ಹಿಂದಿಯೂ ವಿಜಯಪುರದ್ದೇ, ಅದಕ್ಕೇ ಹೀಗೆ ಬರೆದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಚಾಲಕರೆಲ್ಲ ಸಾಲಾಗಿ ಅವರ ಕ್ಯಾಬಿನ್ನಿಗೆ ಬಂದು ತಮ್ಮ ತಮ್ಮ ಚಾವಿಗಳನ್ನು ಮೇಜಿನ ಮೇಲಿಟ್ಟರು. ಹೊರಗೆ ಲಾರಿಗಳು ರಸ್ತೆಯವರೆಗೆ ನಿಂತಿದ್ದವು. ಮುಂದೆ ನಿಂತವನು ಇರ್ಫಾನ್, ಬಬನ್ ದಾದಾರ ಅಚ್ಚುಮೆಚ್ಚಿನ ಶಿಷ್ಯ.

"ತಾಯಿ, ದಾದಾರ ಚಾವಿ ಕೊಡಿ, ನಮ್ಮ ಚಾವಿ ತಗೊಳ್ತೀವಿ."

"ಕೊಡೋದಿಲ್ಲ."

"ಕಾರಣ ಹೇಳಿ."

"ಹೇಳೋದಿಲ್ಲ."

"ಹಾಗಾದರೆ ನಾವೂ ಕೂರ್ತೀವಿ."

"ಕೂರಿ. ನೆರಳಲ್ಲಿ ಕೂರಿ" ಎಂದರು.

ಅವರು ಹೋದ ಮೇಲೆ ನಾನು, "ಮ್ಯಾಡಮ್, ಒಂದು ಮಾತು ಹೇಳಿಬಿಟ್ಟರೆ ಮುಗಿಯಿತಲ್ಲವಾ? ಇರ್ಫಾನನಿಗೆ ಒಬ್ಬನಿಗಾದರೂ ಹೇಳಿ. ನಿಮ್ಮನ್ನು ಎಂತೆಂಥದೋ ಹೇಳ್ತಾ ಇದ್ದಾರೆ" ಎಂದೆ.

"ನನಗ ಅಂತಾರ, ಅನ್ಲಿ. ನಾ ನಾಳಿಗೂ ಇದ ಕುರ್ಚಿ ಮ್ಯಾಲೆ ಕುಂದರಾಕಿ. ಅವರಿಗೆ ಉಳದದ್ದು ಅದೊಂದು ಮರ್ಯಾದಿ. ಅದನ್ನೂ ನಾನ ಕಸಗೊಳ್ಳಲೇನು?" ಎಂದರು. ಮೇಜಿನ ಮೇಲಿನ ಚಾವಿಗಳನ್ನು ನೋಡುತ್ತ, "ನೋಡ್ರಿ, ಹುಡುಗ್ರು ಎಷ್ಟ ಛಲೋ ಅದಾರ. ಒಬ್ಬ ಮನಶ್ಯಾನ ಸಲುವಾಗಿ ಎಲ್ಲಾರೂ ಬಂದಾರ" ಎಂದರು. ತಮ್ಮ ವಿರುದ್ಧ ನಡೆದ ಮುಷ್ಕರವನ್ನು ಇಷ್ಟು ಮೆಚ್ಚಿಕೊಂಡ ಬೇರೆ ಅಧಿಕಾರಿಯನ್ನು ನಾನು ನೋಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಒಂದು ರಿಕ್ಷಾ ನಿಂತಿತು. ಕಪ್ಪು ಕನ್ನಡಕ ಹಾಕಿಕೊಂಡ ಬಬನ್ ದಾದಾ ಹೆಂಡತಿಯ ಕೈ ಹಿಡಿದು ಇಳಿದರು. ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತಿದ್ದಾಗ ಇರ್ಫಾನ್ ಫೋನು ಮಾಡಿ, ನಿಮಗಾಗಿ ಚಾವಿ ಇಟ್ಟುಬಿಟ್ಟಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದ್ದನಂತೆ. ಎದ್ದು ಬಂದುಬಿಟ್ಟಿದ್ದರು. ಚಾಲಕರೆಲ್ಲ ಓಡಿಬಂದು ಸುತ್ತುವರಿದರು. ಗಲಾಟೆ ಕೇಳಿ ನಾವೂ ಕ್ಯಾಬಿನ್ನಿನಿಂದ ಹೊರಗೆ ಬಂದೆವು.

"ಚಾವಿ ತಾಯಿ ಕಸಿದುಕೊಂಡದ್ದಲ್ಲ" ಎಂದರು ಬಬನ್ ದಾದಾ. "ನಾನು ಕೊಟ್ಟದ್ದು. ನನಗೆ ಪಕ್ಕದ್ದು ಕಾಣುವುದಿಲ್ಲ."

ಯಾರೂ ನಂಬಲಿಲ್ಲ. ಅವರಿಂದ ಬಲವಂತವಾಗಿ ಹೇಳಿಸಿದ್ದಾರೆ ಎಂದು ಹಿಂದಿನಿಂದ ಯಾರೋ ಗೊಣಗಿದರು.

ಬಬನ್ ದಾದಾ ಮುಂದೆ ನೋಡುತ್ತ, "ಇರ್ಫಾನ್ ಎಲ್ಲಿ? ಬಂದಿಲ್ಲವಾ ಅವನು?" ಎಂದು ಕೇಳಿದರು.

ಇರ್ಫಾನ್ ಅವರ ಬಲಗಡೆಯೇ, ಭುಜಕ್ಕೆ ಭುಜ ತಾಗಿದ ಹಾಗೆ ನಿಂತಿದ್ದ.

ಅವನು ಅವರ ಕೈಯನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರೇ ಕ್ಯಾಬಿನ್ನಿಗೆ ಬಂದು ತಲೆ ತಗ್ಗಿಸಿ ಚಾವಿ ತೆಗೆದುಕೊಂಡರು. ಎಲ್ಲರೂ ಹೋದ ಮೇಲೆ ತಾಯಿ ನನಗೆ, "ಇವರೆಲ್ಲಾರಿಗೂ ಪಗಾರ ಇಲ್ಲದ ಅರ್ಧಾ ದಿನದ ರಜಾ ಹಾಕ್ರಿ" ಎಂದರು.

"ಈಗಲೂ ಹಾಕಬೇಕಾ ಮ್ಯಾಡಮ್? ಎಲ್ಲ ಸರಿಯಾಯಿತಲ್ಲ."

"ಸಿಟ್ಟು ಮಾಡಿದ್ದಕ್ಕ ಅಲ್ಲ. ಕೆಲಸ ನಿಲ್ಲಿಸಿದ್ದಕ್ಕ" ಎಂದರು. ಆಮೇಲೆ, "ಬಬನ್‌ದಾದಾರ ಮನಿಯವ್ರಿಗೆ ಊಟಾ ಆಗಿಲ್ಲ ಕಾಣಸ್ತದ. ಕ್ಯಾಂಟೀನ್‌ದಾಂವಗ ಹೇಳ್ರಿ" ಎಂದರು.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಈಗ ಹೆಡ್ ಆಫೀಸಿಗೂ ಕಣ್ಣಿನ ವಿಷಯ ತಿಳಿಯಿತು. ಮೊದಲು ಚಾವಿ ಕೊಡಿ ಎಂದಿದ್ದವರೇ ಈಗ ಬಬನ್ ದಾದಾರನ್ನು ಕೆಲಸದಿಂದ ಬಿಡಿಸಿ ಎಂದರು. ಚಾಲಕ ಗಾಡಿ ಓಡಿಸಲಾರ ಎಂದ ಮೇಲೆ ಇನ್ನೇನು? ತಾಯಿ ನನ್ನನ್ನೂ ಕರೆದುಕೊಂಡು ಐರೋಲಿಯ ಹೆಡ್ ಆಫೀಸಿಗೆ ಹೊರಟರು. ಅಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡಿದ್ದ ಹೊಸ ಎಚ್‌ಆರ್ ಅಧಿಕಾರಿ ಬಹಳ ನಯವಾಗಿ, "ಮ್ಯಾಡಮ್, ಹೋದ ವಾರ ಅವರಿಗೆ ಗಾಡಿ ಕೊಡಲಾಗದು ಎಂದಿರಿ. ಈ ವಾರ ಇಟ್ಟುಕೊಳ್ಳಬೇಕು ಎನ್ನುತ್ತೀರಿ. ಯಾವುದಾದರೂ ಒಂದು ಹೇಳಿ" ಎಂದ.

"ಎರಡೂ ನಾನೇ ಹೇಳಿದ್ದು, ಎರಡೂ ನಿಜ" ಎಂದರು ಇವರು ಮರಾಠಿಯಲ್ಲಿ. "ಗಾಡಿ ಓಡಿಸೋಕೆ ಆಗೋದಿಲ್ಲ. ಕಲಿಸೋಕೆ ಆಗ್ತದೆ. ನೀವು ಕಳಿಸೋ ಹೊಸ ಹುಡುಗರ ಹತ್ತಿರ ಲೈಸೆನ್ಸ್ ಇದೆ, ಗಾಡಿ ಹಿಡಿಯೋಕೆ ಬರೋದಿಲ್ಲ. ನಮ್ಮ ರ‍್ಯಾಕಿನ ಕಂಬಗಳನ್ನ ಬಂದು ನೋಡಿ, ಎಲ್ಲ ಸೊಟ್ಟ. ದಾದಾ ನೇರಕ್ಕೆ ಚೆನ್ನಾಗೇ ನೋಡ್ತಾರೆ. ಎದುರು ನಿಲ್ಲಿಸಿಕೊಂಡು ಕಲಿಸೋಕೆ ಅಷ್ಟು ಸಾಕು."

ದೊಡ್ಡ ಸಾಹೇಬರು ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದವರು, "ನಾಳೆ ಅದೂ ಅವರ ಕೈಲಿ ಆಗದಿದ್ದರೆ? ಆಗ ಕರುಣೆ ಅಡ್ಡ ಬರುವುದಿಲ್ಲವೇ ನಿಮಗೆ?" ಎಂದು ಕೇಳಿದರು.

"ಆಗ ಅದನ್ನೂ ನಾನೇ ತೆಗೆದುಕೊಳ್ತೀನಿ" ಎಂದರು. "ಒಮ್ಮೆ ತೆಗೆದುಕೊಂಡಿದ್ದೀನಲ್ಲ."

ಸಾಹೇಬರು ಅವರ ಮುಖವನ್ನೇ ನೋಡಿದರು. ಆರು ತಿಂಗಳು ನೋಡೋಣ ಎಂದರು.

ಹಿಂತಿರುಗುವಾಗ ಐರೋಲಿಯಿಂದ ಠಾಣೆಯ ಗಾಡಿಯಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತ್ತು. ಗೆದ್ದು ಬಂದ ಖುಷಿಯಲ್ಲಿ ನಾನು ಏನೇನೋ ಮಾತಾಡುತ್ತಿದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಖಾಡಿಯ ಹಿನ್ನೀರು ಕಾಣುತ್ತಿದ್ದಾಗ ಒಮ್ಮೆಲೇ, "ಅವತ್ತ ನಾ ನಡಕೋತ ಬರೂ ಮುಂದ ಹೆಜ್ಜಿ ಸಣ್ಣ ಸಣ್ಣ ಇಟ್ಟೆ. ನೀವು ನೋಡಿದ್ರಿಲ್ಲೋ?" ಎಂದರು.

"ಇಲ್ಲ ಮ್ಯಾಡಮ್, ನಾನು ಅವರ ಮುಖ ನೋಡ್ತಾ ಇದ್ದೆ."

"ಭಾಳ ಸಾವಕಾಶ ಬಂದೆ. ಈಗ ಕಂಡೀತು, ಈಗ ಕಂಡೀತು ಅಂತ. ಕಡೀಕ ಚಕ್ರದ ಹತ್ರ ಬಂದಾಗ, ಸುಳ್ಳರೆ 'ಬಂದ್ರಿ' ಅನ್ನಲಿ ಅನಿಸ್ತು ನೋಡ್ರಿ." ಮತ್ತೆ ಕಿಟಕಿಯ ಕಡೆ ತಿರುಗಿದರು. "ಅಂದಿದ್ರೂ ಚಾವಿ ತಗೋತಿದ್ದೆ. ಆದರ ಅನ್ನಲಿ ಅನಿಸ್ತು."

ಅವರು ತಮ್ಮ ಒಳಗಿನ ಮಾತನ್ನು ನನ್ನೆದುರು ಆಡಿದ್ದು ಅದೊಂದೇ ಸಲ. ಠಾಣೆ ಬಂತು. ಇಳಿಯುವ ನೂಕುನುಗ್ಗಲಿನಲ್ಲಿ ಅಡ್ಡ ನಿಂತ ಒಬ್ಬ ಗಂಡಸನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡು ಮತ್ತೆ ಎಂದಿನವರಾದರು.

ಬಬನ್ ದಾದಾ ಈಗಲೂ ಕಲಿಸುತ್ತಿದ್ದಾರೆ. ಮೊದಲ ತಿಂಗಳು ಮಾತ್ರ ಕಷ್ಟವಾಯಿತು. ಬೆಳಿಗ್ಗೆ ಬಂದವರೇ ಯಾರೊಂದಿಗೂ ಮಾತಾಡದೆ ಮೂಲೆಯಲ್ಲಿ ಕೂರುತ್ತಿದ್ದರು. ಆಮೇಲೆ ಒಬ್ಬ ಹೊಸ ಹುಡುಗ ಗಾಡಿಯನ್ನು ಎರ್ರಾಬಿರ್ರಿ ತಿರುಗಿಸುವ ಸದ್ದು ಕೇಳಿ ತಡೆಯಲಾರದೆ ಎದ್ದುಹೋಗಿ ಬೈದರು. ಅಲ್ಲಿಂದ ಶುರುವಾದ ಬೈಗುಳ ಇನ್ನೂ ನಿಂತಿಲ್ಲ. ಹೊಸಬರು ನನ್ನ ಹತ್ತಿರ ಬಂದು, ತಾಯಿಯ ಕಾಲದಲ್ಲಿ ಇಷ್ಟು ಬೈಯುತ್ತಿದ್ದರಾ ಎಂದು ಕೇಳುತ್ತಾರೆ. ಇಲ್ಲ, ಆಗ ಬೈಯುವವರು ಇಬ್ಬರಿದ್ದರು ಎನ್ನುತ್ತೇನೆ.

ಅವರು ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾರೆ. ಕನ್ನಡದಲ್ಲಿ ಬೈಯುವವರಿಲ್ಲದೆ ನನಗೆ ನನ್ನ ತಪ್ಪುಗಳೇ ತಿಳಿಯುತ್ತಿಲ್ಲ. ಹೋದ ತಿಂಗಳು ಅವರನ್ನು ನೋಡಿಬರೋಣ ಎಂದು ಕಲ್ಯಾಣಕ್ಕೆ ಹೋದೆ. ಬಾಗಿಲು ತೆರೆದವರು ಅವರ ಯಜಮಾನರು. "ಒಳಗ ಬರ್ರಿ, ಆಕಿ ಮ್ಯಾಲೆ ಟೆರೇಸಿನ್ಯಾಗ ಅದಾಳ, ನೀರಿನ ಟಾಕಿ ತೊಳಸ್ಲಿಕ್ಹತ್ಯಾಳ" ಎಂದರು. ನಿವೃತ್ತರಾಗಿ ಹೆಚ್ಚು ದಿನವಾಗುವ ಮೊದಲೇ ಹೌಸಿಂಗ್ ಸೊಸೈಟಿಯವರು ಅವರನ್ನು ಸೆಕ್ರೆಟರಿ ಮಾಡಿದ್ದರಂತೆ. ಯಾರೂ ಎದುರು ನಿಲ್ಲಲಿಲ್ಲವಂತೆ. ನಿಲ್ಲುವವರೂ ಹುಟ್ಟಿರಲಿಕ್ಕಿಲ್ಲ. ಅಧಿಕಾರ ವಹಿಸಿಕೊಂಡ ವಾರವೇ ಗೇಟಿನ ವಾಚ್‌ಮನ್‌ನ ಸೆಕೆ ನೋಡಲಾರದೆ ಅವನ ಗೂಡಿಗೆ ಫ್ಯಾನು ಹಾಕಿಸಿದರು. ಮುಂದಿನ ವಾರ, ಆ ಫ್ಯಾನಿನಡಿ ಮಧ್ಯಾಹ್ನ ನಿದ್ದೆಹೋಗಿದ್ದಕ್ಕೆ ಅವನಿಗೆ ಮೆಮೊ ಕೊಟ್ಟರು.

ಅವರು ಟೆರೇಸಿನಿಂದ ಇಳಿದು ಬಂದ ಮೇಲೆ ಚಹಾ ಕುಡಿದು, ಕುರ್ಚಿ ನಿಭಾಯಿಸುವ ಬಗ್ಗೆ ಒಂದಿಷ್ಟು ಬುದ್ಧಿವಾದ ಕೇಳಿಸಿಕೊಂಡು ಕೆಳಗಿಳಿದೆ. ರಿಕ್ಷಾ ಬರುವವರೆಗೆ ಗೇಟಿನ ಬಳಿ ನಿಂತೆ. ಬಿಹಾರದ ಕಡೆಯ ವಾಚ್‌ಮನ್. "ನಿಮ್ಮ ಸೆಕ್ರೆಟರಿ ಮ್ಯಾಡಮ್ ಹೇಗಪ್ಪಾ?" ಎಂದು ಹಿಂದಿಯಲ್ಲಿ ಕೇಳಿದೆ.

ಅವನು ಮೇಲಿನ ಕಿಟಕಿಯ ಕಡೆ ಒಮ್ಮೆ ನೋಡಿ, "ಬಹುತ್ ಕಡಕ್ ಹೈ ಸಾಬ್" ಎಂದ. ಆಮೇಲೆ ಎದ್ದು ತನ್ನ ಸ್ಟೂಲನ್ನು ನನ್ನ ಕಡೆ ಸರಿಸಿ, ಫ್ಯಾನಿನ ಮೂತಿಯನ್ನು ನನ್ನತ್ತ ತಿರುಗಿಸಿದ. "ಕೂತ್ಕೊಳ್ಳಿ, ಸೆಕೆ ಇದೆ. ಮ್ಯಾಡಮ್ಮೇ ಹಾಕಿಸಿದ್ದು."